ಪದೇ ಪದೇ ಸೇವ್ ಮಾಡಿ, ಬೇಡ ಅನ್ನಿಸಿದರೆ ಹಿಂದಕ್ಕೆ ಹೋಗಿ ಆಡುವುದು ಮೋಸವಾ?

ಕೇಶ್ವಾಪುರದ ಅಕ್ಕ, ಹುಬ್ಬಳ್ಳಿ

ಒಂದು ವಾರದಿಂದ ಮನೆಯಲ್ಲಿ ಇದೇ ವಾದ ನಡೆದಿದೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನನ್ನದು ಔಷಧ ಅಂಗಡಿ. ರಾತ್ರಿ ಒಂಬತ್ತೂವರೆಗೆ ಶಟರ್ ಎಳೆದು ಮನೆಗೆ ಬಂದು, ಊಟ ಮುಗಿಸಿ, ಮಗಳನ್ನು ಮಲಗಿಸುವಷ್ಟರಲ್ಲಿ ಹನ್ನೊಂದಾಗಿರುತ್ತದೆ. ಆಮೇಲಿನ ಒಂದು ತಾಸು ಮಾತ್ರ ನನ್ನದು. ಆ ತಾಸಿನಲ್ಲಿ ಬಾಲ್ಡರ್ಸ್ ಗೇಟ್ 3 ಆಡುತ್ತೇನೆ. ತಮ್ಮ ಧಾರವಾಡದಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ಶನಿವಾರ ಚಿಗರಿ ಬಸ್ ಹತ್ತಿ ಬರುತ್ತಾನೆ, ಬಂದವನು ನನ್ನ ಹಿಂದೆ ಕುರ್ಚಿ ಹಾಕಿಕೊಂಡು ನೋಡುತ್ತಾನೆ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಯಾರನ್ನಾದರೂ ಒಪ್ಪಿಸಬೇಕು, ಬೀಗ ತೆಗೀಬೇಕು, ಸುಳ್ಳು ಹೇಳಿ ತಪ್ಪಿಸಿಕೊಳ್ಳಬೇಕು ಅಂದರೆ ಪರದೆಯ ಮೇಲೆ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಎಷ್ಟು ಬೀಳಬೇಕು ಅಂತ ಮೊದಲೇ ತೋರಿಸುತ್ತಾರೆ. ಅಷ್ಟು ಬಿದ್ದರೆ ಗೆದ್ದಿರಿ, ಇಲ್ಲದಿದ್ದರೆ ಕಥೆ ಬೇರೆ ಕಡೆ ಹೋಗುತ್ತದೆ. ಶುರುವಿನಲ್ಲೇ ಒಂದು ಜಾಗ ಬರುತ್ತದೆ. ಅರಬೆಲ್ಲಾ ಅಂತ ಒಂದು ಚಿಕ್ಕ ಹುಡುಗಿ ಮೂರ್ತಿ ಕದ್ದಳು ಅಂತ ಹಿಡಿದು ನಿಲ್ಲಿಸಿರುತ್ತಾರೆ, ಕಾಗಾ ಅನ್ನುವವಳು ಅವಳ ಮುಂದೆ ಹಾವು ಬಿಟ್ಟಿರುತ್ತಾಳೆ. ನಾವು ಕಾಗಾಳನ್ನು ಮಾತಿನಲ್ಲಿ ಒಪ್ಪಿಸಬೇಕು. ನನ್ನ ದಾಳ ಕಡಿಮೆ ಬಿತ್ತು. ಹುಡುಗಿ ಬಾಗಿಲ ಕಡೆ ಓಡಿದಳು, ಹಾವು ಕಚ್ಚಿತು, ಅಲ್ಲೇ ಬಿದ್ದಳು.

ಪಕ್ಕದ ಕೋಣೆಯಲ್ಲಿ ನನ್ನ ಮಗಳು ಮಲಗಿದ್ದಾಳೆ. ಅವಳದೂ ಹೆಚ್ಚೂಕಡಿಮೆ ಅಷ್ಟೇ ಎತ್ತರ. ನನಗೆ ನೋಡೋಕಾಗಲಿಲ್ಲ. ಒಳಗೆ ಹೋಗುವ ಮುಂಚೆ ಎಫ್5 ಒತ್ತಿ ಸೇವ್ ಮಾಡಿದ್ದೆ, ಎಫ್8 ಒತ್ತಿ ವಾಪಸ್ ಹೋದೆ. ಎರಡನೇ ಸಲವೂ ಸತ್ತಳು, ಮೂರನೇ ಸಲವೂ ಅಷ್ಟೇ. ನಾಲ್ಕನೇ ಸಲ ಉಳಿದಳು.

ಹಿಂದೆ ಕೂತಿದ್ದ ತಮ್ಮ ಹೇಳಿದ್ದು ಇಷ್ಟು: "ಅಕ್ಕಾ, ನೀ ಆಟ ಆಡವಲ್ಲಿ. ಬೇಕಾದ ಉತ್ತರ ಬರೋತನ ಲೆಕ್ಕ ಅಳಿಸಿ ಅಳಿಸಿ ಬರ್ಯಾಕತ್ತಿ."

ಆ ಮಾತು ನನಗೆ ಚುಚ್ಚಿತು. ಮರುದಿನ ಅಂಗಡಿಯಲ್ಲಿ ಸ್ಟಾಕ್ ಬರೆಯುವಾಗಲೂ ಅದೇ ತಲೆಯಲ್ಲಿ ಓಡುತ್ತಿತ್ತು. ಅವನು ಹೇಳುವುದು ಪೂರ್ತಿ ತಪ್ಪು ಅಂತ ಅನ್ನಿಸುವುದಿಲ್ಲ, ಆದರೆ ದಿನಕ್ಕೆ ಒಂದೇ ತಾಸು ಸಿಗುವವಳು ಆ ತಾಸನ್ನು ತನಗೆ ಬೇಕಾದ ಹಾಗೆ ಆಡಿದರೆ ಯಾರಿಗೆ ಏನು ಕಡಿಮೆಯಾಯಿತು ಅಂತಲೂ ಅನ್ನಿಸುತ್ತದೆ. ನೀವೆಲ್ಲ ಹೇಗೆ ಆಡುತ್ತೀರಿ? ಎಲ್ಲಿ ಹಿಂದಕ್ಕೆ ಹೋಗುತ್ತೀರಿ, ಎಲ್ಲಿ ಬಿಡುತ್ತೀರಿ?

ಇನ್ನೊಂದು ವಿಷಯ. ಮೊನ್ನೆ ಮಂಗಳವಾರ ಆಡುವಾಗ ಕರೆಂಟ್ ಹೋಯಿತು. ಮನೆಯಲ್ಲಿ ಇನ್ವರ್ಟರ್ ಇದೆ, ಫ್ಯಾನು ಲೈಟು ನಿಲ್ಲಲಿಲ್ಲ, ಆದರೆ ಕಂಪ್ಯೂಟರ್ ಮಾತ್ರ ಆಫ್ ಆಗಿ ಮತ್ತೆ ಶುರುವಾಯಿತು. ಕೊನೆಯ ಸೇವ್ ತೆರೆಯಲೇ ಇಲ್ಲ. ಅದಕ್ಕೇನಾದರೂ ಉಪಾಯ ಇದ್ದರೆ ಹೇಳಿ.

ಜ್ಯುಬಿಲಿ ಸರ್ಕಲ್ ಕೆಫೆ, ಧಾರವಾಡ

ಅಕ್ಕಾ, ಮೊದಲು ಹೇಳಿಬಿಡುತ್ತೇನೆ, ಆ ಹುಡುಗಿಯನ್ನು ಉಳಿಸಿದ್ದು ಸರಿ. ನಾನಾಗಿದ್ದರೆ ಹತ್ತು ಸಲ ಹಿಂದಕ್ಕೆ ಹೋಗುತ್ತಿದ್ದೆ.

ನಾನು ಸೈಬರ್ ಕೆಫೆಯಲ್ಲಿ ಆಡಿ ಬೆಳೆದವನು. ಕಾಲೇಜು ಮುಗಿಸಿ ನಾಲ್ಕು ಜನ ಸೇರಿ ಹೋಗುತ್ತಿದ್ದೆವು, ತಾಸಿಗೆ ಇಷ್ಟು ಅಂತ ದುಡ್ಡು, ಒಬ್ಬ ಆಡುವುದು, ಮೂವರು ಹಿಂದೆ ನಿಂತು ದಾರಿ ಹೇಳುವುದು. ಆಗ ಎಲ್ಲರ ಬಾಯಲ್ಲೂ ಪ್ರಾಜೆಕ್ಟ್ ಐಜಿಐ. ನಾರ್ವೆಯ ಒಂದು ಕಂಪನಿ 2000ದಲ್ಲಿ ಮಾಡಿದ ಆಟ. ಒಟ್ಟು 14 ಮಿಷನ್. ಒಂದು ಮಿಷನ್ ಒಳಗೆ ಹೋದರೆ ನಡುವೆ ಸೇವ್ ಅನ್ನುವುದೇ ಇಲ್ಲ. ಮೂವತ್ತು ನಿಮಿಷ ತೆವಳಿಕೊಂಡು ಹೋಗಿ, ಕ್ಯಾಮೆರಾ ಬಂದ್ ಮಾಡಿ, ಗೋಪುರದ ಮೇಲಿನ ಕಾವಲುಗಾರನನ್ನು ದೂರದಿಂದ ಹೊಡೆದು, ಕೊನೆಯ ಬಾಗಿಲು ದಾಟುವಾಗ ಯಾರೋ ಬೆನ್ನಿಗೆ ಗುಂಡು ಹಾಕಿದರೆ ಮುಗೀತು. ಮತ್ತೆ ಬೇಲಿಯ ಹೊರಗಿನಿಂದ ಶುರು.

ಈಗ ಕೆಲವರು ಹೇಳುತ್ತಾರೆ, ಆ ಕಾಲದ ಆಟವೇ ಆಟ, ಸೇವ್ ಇಲ್ಲದ್ದಕ್ಕೆ ಮೈಯೆಲ್ಲ ಕಣ್ಣಾಗಿ ಆಡುತ್ತಿದ್ದೆವು ಅಂತ. ನಾನು ಅಲ್ಲೇ ಇದ್ದೆ. ಮೊದಲ ಎರಡು ಸಲ ಹೌದು, ಎದೆ ಡವಡವ ಅನ್ನುತ್ತಿತ್ತು. ಐದನೇ ಸಲ ಮೊದಲ ಇಪ್ಪತ್ತೈದು ನಿಮಿಷ ಸುಮ್ನೆ ಕೂಲಿ ಮಾಡಿದ ಹಾಗೆ. ಎಲ್ಲಿ ಯಾರು ನಿಂತಿದ್ದಾನೆ ಅಂತ ಬಾಯಿಪಾಠ ಆಗಿರುತ್ತಿತ್ತು. ಕಲಿಯಬೇಕಾಗಿದ್ದು ಕೊನೆಯ ಐದು ನಿಮಿಷ, ಅದನ್ನು ನೋಡೋಕೆ ಇಪ್ಪತ್ತೈದು ನಿಮಿಷದ ದುಡ್ಡು ಕೊಡಬೇಕಿತ್ತು. ನನ್ನ ಗೆಳೆಯನೊಬ್ಬ ಆ ಆಟವನ್ನು ಮುಗಿಸಲೇ ಇಲ್ಲ. ಕೈಲಿ ಆಗದೆ ಅಲ್ಲ, ಜೇಬಿನಲ್ಲಿ ಅಷ್ಟು ಇರಲಿಲ್ಲ. 2003ರಲ್ಲಿ ಎರಡನೇ ಭಾಗ ಬಂದಾಗ ಮಿಷನ್ ನಡುವೆ ಕೆಲವೇ ಸಲ ಸೇವ್ ಮಾಡಬಹುದು ಅಂತ ಕೊಟ್ಟರು. ನಮಗೆ ಹಬ್ಬ ಆದ ಹಾಗಾಯಿತು.

ವೈಸ್ ಸಿಟಿಯದು ಬೇರೆ ಕಥೆ. ಅದರಲ್ಲಿ ಸೇವ್ ಇತ್ತು, ಮನೆಯೊಳಗೆ ಹೋಗಿ ಗುಲಾಬಿ ಬಣ್ಣದ ಕ್ಯಾಸೆಟ್ ಚಿಹ್ನೆಯ ಮೇಲೆ ನಿಂತರೆ ಸಾಕು, ಆಟದೊಳಗೆ ಆರು ತಾಸು ಕಳೆದು ಸೇವ್ ಆಗುತ್ತಿತ್ತು. ಸೇವ್ ಇಡೋಕೆ ಎಂಟು ಜಾಗ. ಆದರೆ ನಾವು ಹೋಗುತ್ತಿದ್ದ ಕೆಫೆಯಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ಎಲ್ಲ ಅಳಿಸಿ ಮೊದಲಿನಂತೆ ಆಗುವ ಸಾಫ್ಟ್‌ವೇರ್ ಹಾಕಿದ್ದರು. ವೈರಸ್ ಕಾಟಕ್ಕೆ ಹಾಕಿದ್ದು, ಅವರ ತಪ್ಪೇನಿಲ್ಲ. ನನಗೆ ಅದು ಗೊತ್ತಿರಲಿಲ್ಲ. ಆಟಿಕೆ ಹೆಲಿಕಾಪ್ಟರ್ ಹಾರಿಸಿ ಕಟ್ಟುತ್ತಿರುವ ಬಿಲ್ಡಿಂಗ್‌ನಲ್ಲಿ ನಾಲ್ಕು ಬಾಂಬ್ ಇಡುವ ಮಿಷನ್ ಇದೆಯಲ್ಲ, ಅದನ್ನು ಎರಡು ದಿನ ಒದ್ದಾಡಿ ಮುಗಿಸಿದ್ದೆ. ಮೂರನೇ ದಿನ ಹೋಗಿ ನೋಡಿದರೆ ನನ್ನ ಎಂಟೂ ಜಾಗ ಖಾಲಿ.

ಆಮೇಲೆ ಒಬ್ಬ ಸೀನಿಯರ್ ತೋರಿಸಿಕೊಟ್ಟ. ಮೈ ಡಾಕ್ಯುಮೆಂಟ್ಸ್ ಒಳಗೆ ಜಿಟಿಎ ವೈಸ್ ಸಿಟಿ ಯೂಸರ್ ಫೈಲ್ಸ್ ಅಂತ ಫೋಲ್ಡರ್ ಇರುತ್ತದೆ, ಒಂದೊಂದು ಸೇವ್ ಸುಮಾರು 200 ಕೆಬಿ. 1.44 ಎಂಬಿ ಫ್ಲಾಪಿಯಲ್ಲಿ ಏಳು ಹಿಡಿಸುತ್ತವೆ. ಅಂದಿನಿಂದ ಅಂಗಿ ಜೇಬಿನಲ್ಲಿ ಫ್ಲಾಪಿ ಇಟ್ಟುಕೊಂಡು ಹೋಗುತ್ತಿದ್ದೆ, ಎದ್ದು ಬರುವಾಗ ಕಾಪಿ, ಕೂರುವಾಗ ಮತ್ತೆ ಪೇಸ್ಟ್. ಮಳೆಗಾಲದಲ್ಲಿ ಅದಕ್ಕೊಂದು ಪ್ಲಾಸ್ಟಿಕ್ ಚೀಲ ಸುತ್ತುತ್ತಿದ್ದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಸೇವ್ ಅಂದರೆ ಆಡುವವನ ಸಮಯ. ನಿಮಗೆ ಸಿಗುವ ಒಂದು ತಾಸನ್ನು ಹೇಗೆ ಬೇಕೋ ಹಾಗೆ ಬಳಸಿ. ತಮ್ಮನಿಗೆ ಸದ್ಯಕ್ಕೆ ಸಮಯ ಜಾಸ್ತಿ ಇದೆ.

ಸಪ್ತಾಪುರದ ಎಕ್ಸ್‌ಕಾಮ್ ಪ್ರೇಮಿ, ಧಾರವಾಡ

ಮೇಲಿನವರ ಮಾತಿಗೆ ಅರ್ಧ ಒಪ್ಪಿಗೆ, ಅರ್ಧ ಇಲ್ಲ. ಸೇವ್ ಮಾಡುವುದು ಬೇರೆ, ಹಿಂದಕ್ಕೆ ಹೋಗುವುದು ಬೇರೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಮನೆಗೆ ಹೋಗಬೇಕು, ಕರೆಂಟ್ ಹೋಗುತ್ತದೆ, ಮಗು ಎದ್ದಿತು, ಅದಕ್ಕೆಲ್ಲ ಸೇವ್ ಬೇಕೇ ಬೇಕು. ಅದನ್ನು ಕೊಡದ ಆಟದ ಮೇಲೆ ನನಗೂ ಸಿಟ್ಟಿದೆ. ಆದರೆ ಆದದ್ದನ್ನು ಆಗಲೇ ಇಲ್ಲ ಅನ್ನಿಸೋಕೆ ಹಿಂದಕ್ಕೆ ಹೋಗುತ್ತೀವಲ್ಲ, ಅದರಲ್ಲಿ ನಾವು ಏನೋ ಕಳೆದುಕೊಳ್ಳುತ್ತೇವೆ. ನಾನು ಕಳೆದುಕೊಂಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

2012ರಲ್ಲಿ ಬಂದ ಎಕ್ಸ್‌ಕಾಮ್: ಎನಿಮಿ ಅನ್‌ನೋನ್ ನನ್ನ ಪ್ರಾಣ. ಸೈನಿಕರ ಗುಂಪು ಕಟ್ಟಿಕೊಂಡು ಬೇರೆ ಲೋಕದಿಂದ ಬಂದವರ ವಿರುದ್ಧ ಒಬ್ಬರಾದ ಮೇಲೆ ಒಬ್ಬರು ನಡೆ ಇಡುವ ಆಟ. ಗುಂಡು ಹಾರಿಸುವ ಮುಂಚೆ ಶೇಕಡಾ ಎಷ್ಟು ಅವಕಾಶ ಅಂತ ತೋರಿಸುತ್ತದೆ. ಶೇಕಡಾ 95 ಅಂತ ತೋರಿಸಿ ತಪ್ಪುತ್ತದೆ, ಅದಕ್ಕೆ ಎಲ್ಲರೂ ಬೈಯುತ್ತಾರೆ. ನಾನೂ ಬೈದು ಲೋಡ್ ಮಾಡುತ್ತಿದ್ದೆ, ಅಂದರೆ ಹಳೆಯ ಸೇವ್ ತೆರೆದು ಹಿಂದಕ್ಕೆ ಹೋಗುತ್ತಿದ್ದೆ. ಆಗ ಒಂದು ವಿಷಯ ಗೊತ್ತಾಯಿತು. ಅದೇ ಸೈನಿಕ, ಅದೇ ಜಾಗದಿಂದ, ಅದೇ ಗುಂಡು ಹಾರಿಸಿದರೆ ಎಷ್ಟು ಸಲ ಲೋಡ್ ಮಾಡಿದರೂ ತಪ್ಪೇ ಆಗುತ್ತದೆ. ಮುಂದಿನ ದಾಳ ಯಾವುದು ಅನ್ನುವುದು ಸೇವ್ ಫೈಲ್ ಒಳಗೇ ಇರುತ್ತದೆ. ಫಲ ಬದಲಾಗಬೇಕು ಅಂದರೆ ನಡೆ ಬದಲಾಗಬೇಕು. ಬೇರೆಯವನನ್ನು ಮೊದಲು ನಡೆಸಿ ನೋಡಬೇಕು. ಆಟ ಮಾಡಿದವರು ಇದನ್ನು ಯೋಚಿಸಿಯೇ ಇಟ್ಟಿದ್ದಾರೆ. ಲೋಡ್ ಮಾಡಿದಾಗ ದಾಳವೂ ಹೊಸದಾಗಿ ಬೇಕು ಅನ್ನುವವರಿಗೆ ಮುಂದೆ ಬೇರೆ ಆಯ್ಕೆಯನ್ನೂ ಕೊಟ್ಟರು.

ನಾನು ಒಂದು ಸಲ ಐರನ್‌ಮ್ಯಾನ್ ಅನ್ನುವ ರೀತಿಯಲ್ಲಿ ಆಡಲು ಕೂತೆ. ಅದರಲ್ಲಿ ಒಂದೇ ಸೇವ್, ಆಟ ತಾನೇ ಬರೆದುಕೊಳ್ಳುತ್ತದೆ, ಹಿಂದಕ್ಕೆ ಹೋಗೋಕೆ ಆಗುವುದಿಲ್ಲ. ಸೈನಿಕರಿಗೆ ಚಿಗರಿ ಬಸ್ ದಾರಿಯ ಊರುಗಳ ಹೆಸರಿಟ್ಟೆ. ನವಲೂರ, ಸತ್ತೂರ, ರಾಯಾಪುರ, ನವನಗರ, ಭೈರಿದೇವರಕೊಪ್ಪ, ಉಣಕಲ್. ನವನಗರ ಅನ್ನುವವಳು ದೂರದಿಂದ ಗುರಿ ಇಡುವವಳು, ಮೊದಲ ದಿನದಿಂದ ಇದ್ದವಳು. ಒಂದು ಮಿಷನ್‌ನಲ್ಲಿ ಜನರನ್ನು ಕಾಪಾಡಲು ಹೋದಾಗ ಕ್ರಿಸಲಿಡ್ ಅನ್ನುವ ಪ್ರಾಣಿ ಬಂತು. ಉಣಕಲ್ ಗಾಯಗೊಂಡು ಬಿದ್ದಿದ್ದ, ಅವನ ಹತ್ತಿರ ಹೋಗೋಕೆ ಒಬ್ಬರೇ ಮುಟ್ಟುವ ದೂರದಲ್ಲಿದ್ದರು, ಅವಳು. ಹೋದಳು, ಅವನನ್ನು ಉಳಿಸಿದಳು, ಮರುಕ್ಷಣ ಅದು ಅವಳ ಮೇಲೆ ಬಿತ್ತು.

ನನ್ನ ಕೈ ತಾನಾಗಿಯೇ ಕೀಬೋರ್ಡ್ ಮೇಲೆ ಲೋಡ್ ಹುಡುಕಿತು, ಸಿಗಲಿಲ್ಲ. ಮಿಷನ್ ಮುಗಿದ ಮೇಲೆ ಬಿಡಾರದಲ್ಲಿ ಸತ್ತವರ ಹೆಸರು ಬರೆಯುವ ಗೋಡೆ ಇದೆ, ಅಲ್ಲಿ ಅವಳ ಹೆಸರು ಬಂತು. ಮಾರನೇ ದಿನ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ನವನಗರ ಸ್ಟಾಪ್ ಹೆಸರು ಕೂಗಿದಾಗ ನಾನು ಕಿಟಕಿ ಕಡೆ ತಿರುಗಿ ಕೂತೆ. ಇಷ್ಟು ವರ್ಷ ಆಯಿತು, ಆ ಆಟದಲ್ಲಿ ಲೋಡ್ ಮಾಡಿ ಗೆದ್ದ ಒಂದು ಮಿಷನ್ ಕೂಡ ನನಗೆ ನೆನಪಿಲ್ಲ. ಇದೊಂದು ಇದೆ.

ಬಾಲ್ಡರ್ಸ್ ಗೇಟ್‌ನಲ್ಲೂ ಸೋತರೆ ಆಟ ಮುಗಿಯುವುದಿಲ್ಲ ಅಕ್ಕಾ. ಅವರು ಸೋಲಿಗೂ ದಾರಿ ಬರೆದಿದ್ದಾರೆ, ಮಾತು ಬರೆದಿದ್ದಾರೆ, ನಟರ ದನಿ ಕೊಡಿಸಿದ್ದಾರೆ. ನಾಲ್ಕನೇ ಸಲ ಗೆದ್ದವರಿಗೆ ಅದು ಕೇಳಿಸುವುದೇ ಇಲ್ಲ.

ಜ್ಯುಬಿಲಿ ಸರ್ಕಲ್ ಕೆಫೆ, ಧಾರವಾಡ

ನವನಗರದ ಕಥೆ ಓದಿ ಒಂದು ಕ್ಷಣ ಸುಮ್ಮನಾದೆ. ಆದರೂ ಒಂದು ಮಾತು. ನೀವು ಐರನ್‌ಮ್ಯಾನ್‌ಗೆ ಹೋಗುವ ಮುಂಚೆ ಲೋಡ್ ಮಾಡಿ ಮಾಡಿಯೇ ಆ ಆಟ ಕಲಿತದ್ದಲ್ವಾ? ಮೊದಲ ದಿನವೇ ಒಂದೇ ಸೇವ್ ಕೊಟ್ಟಿದ್ದರೆ ಎರಡನೇ ಮಿಷನ್‌ಗೇ ಬಿಟ್ಟು ಎದ್ದಿರುತ್ತಿದ್ದಿರಿ. ಅಕ್ಕ ಈಗ ಮೊದಲ ಸಲ ಆಡುತ್ತಿದ್ದಾರೆ.

ಸಪ್ತಾಪುರದ ಎಕ್ಸ್‌ಕಾಮ್ ಪ್ರೇಮಿ, ಧಾರವಾಡ

ಹೌದು. ಅದು ನಿಜ, ಲೋಡ್ ಮಾಡಿಯೇ ಕಲಿತೆ. ಆ ಮಾತು ಒಪ್ಪಿದೆ.

ಬೆಟಗೇರಿ ಮಗ್ಗ, ಗದಗ

ನಾನು ಅಕ್ಕನ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ಸೇವ್ ಹಾಳಾದ ಮೇಲೆ ಮೋಸವಾ ಅಲ್ವಾ ಅನ್ನುವ ವಾದಕ್ಕೆ ಜಾಗವೇ ಇರುವುದಿಲ್ಲ. ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ತಿಂಗಳಿಗೆ ಒಬ್ಬರಾದರೂ ಇದೇ ದೂರು ಹೇಳಿಕೊಂಡು ಬರುತ್ತಾರೆ.

ನಿಮ್ಮ ಇನ್ವರ್ಟರ್ ಹಿಂದೆ ನೋಡಿ. ಸುಮಾರು ಎಲ್ಲದರಲ್ಲೂ ಒಂದು ಚಿಕ್ಕ ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ ಅಂತ ಬರೆದಿರುತ್ತದೆ. ನಾರ್ಮಲ್‌ನಲ್ಲಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗೋಕೆ ಸ್ವಲ್ಪ ತಡವಾಗುತ್ತದೆ. ಫ್ಯಾನಿಗೆ ಅದು ಗೊತ್ತಾಗುವುದಿಲ್ಲ, ಕಂಪ್ಯೂಟರ್‌ಗೆ ಗೊತ್ತಾಗುತ್ತದೆ, ಆಫ್ ಆಗಿಬಿಡುತ್ತದೆ. ಯುಪಿಎಸ್ ಕಡೆ ತಿರುಗಿಸಿದರೆ ಬೇಗ ಬದಲಾಗುತ್ತದೆ. ಮುಕ್ಕಾಲು ಮನೆಯಲ್ಲಿ ಇಷ್ಟರಲ್ಲೇ ಸರಿಹೋಗುತ್ತದೆ. ಆಗದಿದ್ದರೆ ಕಂಪ್ಯೂಟರ್‌ಗೆ ಅಂತಲೇ ಒಂದು ಚಿಕ್ಕ ಯುಪಿಎಸ್ ತೆಗೆದುಕೊಳ್ಳಿ. ಅದು ತುಂಬಾ ಹೊತ್ತು ಆಡೋಕೆ ಅಲ್ಲ, ಸೇವ್ ಮಾಡಿ ಸರಿಯಾಗಿ ಬಂದ್ ಮಾಡುವಷ್ಟು ಹೊತ್ತು ನಿಂತರೆ ಸಾಕು.

ಇನ್ನು ಸೇವ್ ಯಾಕೆ ಕೆಟ್ಟಿತು ಅಂದರೆ, ಎಫ್5 ಒತ್ತಿದ ತಕ್ಷಣ ಎಲ್ಲ ಡಿಸ್ಕಿಗೆ ಹೋಗಿ ಕೂರುತ್ತದೆ ಅಂತ ತಿಳಿಯಬೇಡಿ. ಆಟ ಬರೆಯುತ್ತದೆ, ವಿಂಡೋಸ್ ಅದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಹಿಡಿದಿಟ್ಟುಕೊಂಡು ಆಮೇಲೆ ಡಿಸ್ಕಿಗೆ ಇಳಿಸುತ್ತದೆ. ಆ ನಡುವೆ ಕರೆಂಟ್ ಹೋದರೆ ಫೈಲ್ ಅರ್ಧ ಬರೆದ ಕಾಗದ. ಒಳ್ಳೆಯ ಆಟಗಳು ಹೊಸ ಫೈಲ್ ಪೂರ್ತಿ ಬರೆದು ಆಮೇಲೆ ಹಳೆಯದನ್ನು ತೆಗೆಯುತ್ತವೆ. ಕೆಲವು ಹಳೆಯದರ ಮೇಲೆಯೇ ಬರೆಯುತ್ತವೆ, ಅಲ್ಲಿ ಅರ್ಧ ಬರೆದರೆ ಎರಡೂ ಹೋದವು. ಅದಕ್ಕೇ ಎಫ್5 ಒಂದನ್ನೇ ನಂಬಬೇಡಿ. ದಿನ ಆಟ ಮುಗಿಸುವಾಗ ಮೆನುಗೆ ಹೋಗಿ ಹೊಸ ಹೆಸರಿನಲ್ಲಿ ಒಂದು ಸೇವ್ ಮಾಡಿ. ಸೋಮವಾರ, ಮಂಗಳವಾರ ಅಂತ ಹೆಸರಿಟ್ಟರೂ ನಡೆಯುತ್ತದೆ. ಬಾಲ್ಡರ್ಸ್ ಗೇಟ್ 3 ಒಂದೊಂದು ಸೇವ್‌ಗೂ ಬೇರೆ ಫೋಲ್ಡರ್ ಮಾಡುತ್ತದೆ, ಆದ್ದರಿಂದ ಒಂದು ಕೆಟ್ಟರೆ ಅದರ ಹಿಂದಿನದು ಸಾಮಾನ್ಯವಾಗಿ ತೆರೆಯುತ್ತದೆ. ಲೋಡ್ ಪಟ್ಟಿಯಲ್ಲಿ ಕೆಳಗೆ ಇಳಿದು ಆಟೋಸೇವ್ ಇದೆಯಾ ನೋಡಿ. ಕ್ಲೌಡ್ ಇದೆ ಅಂತ ಧೈರ್ಯ ಮಾಡಬೇಡಿ, ಕೆಟ್ಟ ಫೈಲ್ ಕೂಡ ಅಷ್ಟೇ ನಿಷ್ಠೆಯಿಂದ ಮೇಲೆ ಹೋಗುತ್ತದೆ. ತಿಂಗಳಿಗೊಮ್ಮೆ ಆ ಫೋಲ್ಡರ್ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಐರನ್‌ಮ್ಯಾನ್ ಆಡುವ ಸಪ್ತಾಪುರದ ಅಣ್ಣನಿಗೂ ಇದೇ ಮಾತು, ಒಂದೇ ಸೇವ್ ಅಂದರೆ ಕೆಟ್ಟರೆ ಎಲ್ಲವೂ ಹೋಯಿತು.

ಮೊದಲ ಪ್ರಶ್ನೆಗೆ ಬರುತ್ತೇನೆ. ನಮ್ಮದು ನೇಕಾರರ ಮನೆ. ಅಜ್ಜ ಮಗ್ಗದ ಮೇಲೆ ಕೂತಿದ್ದನ್ನು ನೋಡುತ್ತಾ ಬೆಳೆದೆ. ಲಾಳಿ ಓಡುವಾಗ ತಪ್ಪು ಬಣ್ಣದ ಎಳೆ ಹೋಗಿರುತ್ತಿತ್ತು, ಅಂಚು ಎಳೆದಿರುತ್ತಿತ್ತು. ತಕ್ಷಣ ಕಂಡರೆ ನಿಲ್ಲಿಸಿ, ಹೊಕ್ಕಿನ ಎಳೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದ. ಬೆರಳ ತುದಿಯಲ್ಲಿ ಹಾಸು ಸರಿಸಿ, ಎಳೆ ಕಡಿಯದ ಹಾಗೆ. ನಾಲ್ಕೈದು ಎಳೆ ಹಿಂದಕ್ಕೆ ಹೋಗಿ ಮತ್ತೆ ನೇಯುತ್ತಿದ್ದ. ಆದರೆ ಗೇಣುದ್ದ ಮುಂದೆ ಹೋದ ಮೇಲೆ ಕಂಡರೆ ಬಿಚ್ಚುತ್ತಿರಲಿಲ್ಲ. ಅಷ್ಟು ಬಿಚ್ಚಿದರೆ ಹಾಸಿನ ಎಳೆಯೇ ಸವೆಯುತ್ತದೆ ಅನ್ನುತ್ತಿದ್ದ. ಸೀರೆಯಲ್ಲಿ ಆ ತಪ್ಪು ಹಾಗೇ ಉಳಿಯುತ್ತಿತ್ತು, ಅವ್ವ ಉಡುವ ಒಂದು ಸೀರೆಯಲ್ಲಿ ಈಗಲೂ ಇದೆ.

ನಾನು ಆಟದಲ್ಲೂ ಹಾಗೇ ಮಾಡುತ್ತೇನೆ. ಕೈ ತಪ್ಪಿದರೆ, ಬೇರೆ ಬಟನ್ ಒತ್ತಿದರೆ, ಬರೆದದ್ದನ್ನು ತಪ್ಪಾಗಿ ಓದಿದರೆ ತಕ್ಷಣ ಹಿಂದಕ್ಕೆ. ಯೋಚಿಸಿ ಮಾಡಿದ್ದು ಕೆಟ್ಟರೆ ಬಿಡುತ್ತೇನೆ. ಅದೇ ಆಟದಲ್ಲಿ ಗಾಳಿಗಿರಣಿಗೆ ಕಟ್ಟಿದ ಬಾರ್ಕಸ್ ಅನ್ನುವವನನ್ನು ಬಿಡಿಸುವ ಜಾಗ ಬರುತ್ತದೆ. ಎರಡು ಲಿವರ್ ಇವೆ, ಹೆಸರು ಓದಿ ಎಳೆಯಿರಿ. ನಾನು ಓದದೆ ಎಳೆದು ಅವನನ್ನು ಆಕಾಶಕ್ಕೆ ಹಾರಿಸಿದೆ. ಅದಕ್ಕೆ ಹಿಂದಕ್ಕೆ ಹೋದೆ, ಅದರಲ್ಲಿ ನನಗೆ ಏನೂ ಬೇಸರ ಇಲ್ಲ.

ಏಲಕ್ಕಿ ಪೇಟೆ ಅಪ್ಪ, ಹಾವೇರಿ

ನಾನು ದೊಡ್ಡ ಆಟ ಆಡುವವನಲ್ಲ, ಮಗನ ವಿಷಯ ಹೇಳಬೇಕು ಅನ್ನಿಸಿತು. ಅವನಿಗೆ ಹತ್ತು ವರ್ಷ. ಫೋನಿನಲ್ಲಿ ಎಮ್ಯುಲೇಟರ್, ಅಂದರೆ ಹಳೆಯ ಆಟದ ಯಂತ್ರದ ಹಾಗೆ ನಡೆಯುವ ಸಾಫ್ಟ್‌ವೇರ್, ಹಾಕಿಕೊಂಡು ಸೂಪರ್ ಮಾರಿಯೋ ಆಡುತ್ತಾನೆ, 1985ರ ಮೊದಲನೆಯದು. ನಾವು ಚಿಕ್ಕವರಿದ್ದಾಗ ಟಿವಿ ಗೇಮ್ ಅಂತ ಕ್ಯಾಸೆಟ್ ಹಾಕಿ ಆಡುತ್ತಿದ್ದೆವಲ್ಲ, ಅದೇ. ಆಗ ಸೇವ್ ಇರಲಿಲ್ಲ. ಜೀವ ಎಲ್ಲ ಮುಗಿದು ಮೊದಲ ಪರದೆ ಬಂದಾಗ ಎ ಬಟನ್ ಹಿಡಿದುಕೊಂಡು ಸ್ಟಾರ್ಟ್ ಒತ್ತಿದರೆ ಸತ್ತ ಲೋಕದ ಮೊದಲ ಹಂತದಿಂದ ಶುರುವಾಗುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಮದುವೆ ಆದ ಮೇಲೆ. ಚಿಕ್ಕವನಿದ್ದಾಗ ಗೊತ್ತಿದ್ದರೆ ಎಷ್ಟು ರಜೆ ಉಳಿಯುತ್ತಿತ್ತು.

ಎಮ್ಯುಲೇಟರ್‌ನಲ್ಲಿ ಸೇವ್ ಅನ್ನುವುದು ಬೇರೆ ಥರ. ಆಟ ತಾನೇ ಮಾಡುವ ಸೇವ್‌ನಲ್ಲಿ ಎಲ್ಲಿದ್ದೀರಿ, ಏನಿದೆ ಅಂತ ನಾಲ್ಕು ವಿಷಯ ಬರೆದುಕೊಳ್ಳುತ್ತದೆ. ಎಮ್ಯುಲೇಟರ್ ಆ ಕ್ಷಣದ ಇಡೀ ಯಂತ್ರವನ್ನೇ ಫೋಟೋ ಹೊಡೆದ ಹಾಗೆ ಹಿಡಿದಿಡುತ್ತದೆ. ಆ ಹಳೆಯ ಯಂತ್ರದ ಮುಖ್ಯ ಮೆಮೊರಿಯೇ 2 ಕೆಬಿ, ಹಿಡಿದಿಡೋಕೆ ಕಷ್ಟವೇನಿಲ್ಲ. ಜಿಗಿಯುವಾಗ ಗಾಳಿಯಲ್ಲಿದ್ದರೂ ಸೇವ್ ಆಗುತ್ತದೆ.

ಅವನು ಎಂಟನೇ ಲೋಕದ ಮೊದಲ ಹಂತಕ್ಕೆ ಬಂದಿದ್ದ. ಉದ್ದ ಹಂತ, ದೊಡ್ಡ ದೊಡ್ಡ ಕಂದಕ. ಒಂದೊಂದು ಜಿಗಿತಕ್ಕೂ ಒಂದು ಸೇವ್. ಜಿಗಿ, ಸೇವ್. ಬಿದ್ದರೆ ಲೋಡ್. ನಾನು ಪಕ್ಕದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. ಒಮ್ಮೆಲೇ ಅಳುವ ದನಿ. ನೋಡಿದರೆ ಕಂದಕದ ಮೇಲೆ, ಬೀಳುತ್ತಿರುವಾಗ, ಸೇವ್ ಒತ್ತಿಬಿಟ್ಟಿದ್ದ. ಸೇವ್ ಇಡೋಕೆ ಒಂದೇ ಜಾಗ ಬಳಸುತ್ತಿದ್ದ. ಲೋಡ್ ಮಾಡಿದರೆ ಬೀಳುವುದು, ಮತ್ತೆ ಮಾಡಿದರೆ ಮತ್ತೆ ಬೀಳುವುದು. ಎರಡು ದಿನದ ಆಟ ಆ ಅರ್ಧ ಸೆಕೆಂಡಿನಲ್ಲಿ ಸಿಕ್ಕಿಕೊಂಡಿತ್ತು.

ಸಮಾಧಾನ ಮಾಡಿ ಮತ್ತೆ ಶುರು ಮಾಡಿಸಿದೆ. ಆಗ ನಾನು ಗಮನಿಸಿದ್ದು, ಅವನಿಗೆ ಓಡಿ ಜಿಗಿಯುವುದೇ ಬರುತ್ತಿರಲಿಲ್ಲ. ಇಷ್ಟು ಹಂತ ದಾಟಿದ್ದಾನೆ, ಆದರೆ ಎರಡು ಜಿಗಿತ ಒಟ್ಟಿಗೆ ಮಾಡಿ ಅಂದರೆ ಆಗುವುದಿಲ್ಲ. ಒಂದೊಂದನ್ನೂ ಬೇರೆ ಬೇರೆಯಾಗಿ, ಸರಿ ಬೀಳುವ ತನಕ ಮಾಡಿದ್ದ. ಅದಕ್ಕೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಹಂತದ ಶುರುವಿನಲ್ಲಿ ಒಂದು ಸೇವ್, ಅರ್ಧದಲ್ಲಿ ಒಂದು. ಆ ಆಟದಲ್ಲಿ ಬೇರೆ ಲೋಕಗಳ ಎಷ್ಟೋ ಹಂತಗಳಲ್ಲಿ ಅರ್ಧ ದಾಟಿ ಸತ್ತರೆ ಅರ್ಧದಿಂದಲೇ ಶುರುವಾಗುತ್ತದೆ, ಎಂಟನೇ ಲೋಕದಲ್ಲಿ ಮಾತ್ರ ಅದನ್ನು ತೆಗೆದಿದ್ದಾರೆ. ಆಟ ಕೊಡದ ಆ ಅರ್ಧವನ್ನು ನಾವೇ ಕೊಟ್ಟುಕೊಂಡೆವು, ಅಷ್ಟೇ. ಮೂರು ಸಂಜೆ ಹಿಡಿಯಿತು. ದಾಟಿದ ದಿನ ಓಣಿಯ ತುದಿಯ ತನಕ ಓಡಿ ಹೋಗಿ ಗೆಳೆಯನಿಗೆ ಹೇಳಿ ಬಂದ.

ಅಕ್ಕಾವ್ರೇ, ನಿಮ್ಮದು ಬೇರೆ ಆಟ, ಬೇರೆ ವಯಸ್ಸು. ಜಿಗಿತವನ್ನು ಅಭ್ಯಾಸ ಮಾಡಿ ಕಲಿಯಬಹುದು, ದಾಳವನ್ನು ಅಭ್ಯಾಸ ಮಾಡೋಕೆ ಆಗುವುದಿಲ್ಲ. ಹಾಗಾಗಿ ನನ್ನ ಮಗನಿಗೆ ಹಾಕಿದ ನಿಯಮ ನಿಮಗೆ ಹಾಕುವುದು ಸರಿಯಲ್ಲ ಅನ್ನಿಸುತ್ತದೆ.

ಸಪ್ತಾಪುರದ ಎಕ್ಸ್‌ಕಾಮ್ ಪ್ರೇಮಿ, ಧಾರವಾಡ

ದಾಳದ ಮಾತು ಬಂತಲ್ಲ, ಅಕ್ಕನಿಗೆ ಉಪಯೋಗಕ್ಕೆ ಬರುವ ಒಂದೆರಡು ವಿಷಯ. ದಾಳ ಉರುಳಿಸುವ ಪರದೆಯಲ್ಲೇ ಕೆಳಗೆ ಗೈಡೆನ್ಸ್ ಅನ್ನುವ ಮಂತ್ರ ಹಾಕೋಕೆ ಬರುತ್ತದೆ, ನಿಮ್ಮ ಗುಂಪಿನ ಜೊತೆಗಾತಿ ಶ್ಯಾಡೋಹಾರ್ಟ್ ಅದನ್ನು ಕಲಿತಿದ್ದು ಹತ್ತಿರದಲ್ಲಿದ್ದರೆ. ನಾಲ್ಕು ಮುಖದ ಇನ್ನೊಂದು ದಾಳ ಸೇರುತ್ತದೆ. ಇನ್‌ಸ್ಪಿರೇಷನ್ ಅಂತ ಅಂಕ ಸಿಗುತ್ತವಲ್ಲ, ಅದನ್ನು ಕೊಟ್ಟು ಸೋತ ದಾಳವನ್ನು ಅಲ್ಲೇ ಮತ್ತೆ ಉರುಳಿಸಬಹುದು. ನಾಲ್ಕಕ್ಕಿಂತ ಜಾಸ್ತಿ ಕೂಡಿಡೋಕೆ ಆಗುವುದಿಲ್ಲ, ಆದ್ದರಿಂದ ಗಂಟು ಕಟ್ಟಿ ಇಡಬೇಡಿ, ಖರ್ಚು ಮಾಡಿ. ಹಿಂದಕ್ಕೆ ಹೋಗುವುದನ್ನು ಆಟದ ಒಳಗೇ ಕೊಟ್ಟ ಹಾಗೆ ಅದು. ನಾನು ಅದಕ್ಕೆ ಒಂದು ಮಾತೂ ಅನ್ನುವುದಿಲ್ಲ.

ತಮ್ಮನಿಗೆ ಆನರ್ ಮೋಡ್ ಆಡೋಕೆ ಹೇಳಿ. 2023ರ ಕೊನೆಯಲ್ಲಿ ಸೇರಿಸಿದ್ದು, ಒಂದೇ ಸೇವ್. ಅವನು ಹೇಳಿದ್ದನ್ನು ಅವನೇ ಒಮ್ಮೆ ಆಡಿ ನೋಡಲಿ.

ಕೇಶ್ವಾಪುರದ ಅಕ್ಕ, ಹುಬ್ಬಳ್ಳಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ನವನಗರದ್ದು ಎರಡು ಸಲ ಓದಿದೆ.

ತಮ್ಮನಿಗೂ ಓದಿಸಿದೆ. ಮೂವತ್ತು ನಿಮಿಷ ಹಿಂದಕ್ಕೆ ಹೋಗುವ ಐಜಿಐ ಬಗ್ಗೆ ಅವನಿಗೆ ಗೊತ್ತೇ ಇರಲಿಲ್ಲ, ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆ ಹುಡುಗಿದ್ದು ಬಿಡು ಅಕ್ಕಾ, ಅದು ನಿನಗ ಬ್ಯಾರೆ" ಅಂದ. ಆದರೆ ಮುಂದಿನದನ್ನಾದರೂ ಬಂದ ಹಾಗೆ ಆಡು ಅಂತ ಕೇಳಿದ. ಸರಿ ಅಂದೆ.

ನಿನ್ನೆ ರಾತ್ರಿ ಗಾಬ್ಲಿನ್‌ಗಳ ಬಿಡಾರದ ಹತ್ತಿರ ಹೋದೆ. ಬಾಗಿಲಲ್ಲಿ ಕಾವಲುಗಾರರಿಗೆ ಸುಳ್ಳು ಹೇಳಿ ಒಳಗೆ ಹೋಗಬೇಕಿತ್ತು. ದಾಳ ಕಡಿಮೆ ಬಿತ್ತು. ಇನ್‌ಸ್ಪಿರೇಷನ್ ಒಂದಿತ್ತು, ಕೊಟ್ಟೆ, ಮತ್ತೂ ಕಡಿಮೆ ಬಿತ್ತು. ಎಫ್8 ಮೇಲೆ ಬೆರಳಿಟ್ಟಿದ್ದೆ. ಒತ್ತಲಿಲ್ಲ. ಜಗಳ ಶುರುವಾಯಿತು. ನಾನು ಆಡಿಸುವ ಪಾತ್ರ ಬಿದ್ದಳು, ಜೊತೆಗಾರರಲ್ಲಿ ಆಸ್ಟೇರಿಯನ್ ಬಿದ್ದ, ಗೇಲ್ ಬಿದ್ದ. ಶ್ಯಾಡೋಹಾರ್ಟ್ ಒಬ್ಬಳೇ ಬಂಡೆಯ ಹಿಂದೆ ಉಳಿದಳು, ಅವಳ ಹತ್ತಿರ ಒಂದೇ ಒಂದು ಮಂತ್ರಕ್ಕೆ ಶಕ್ತಿ ಇತ್ತು. ಹೊಡೆಯಬೇಕಾ, ಯಾರನ್ನಾದರೂ ಎಬ್ಬಿಸಬೇಕಾ ಅಂತ ಎರಡು ನಿಮಿಷ ಹಾಗೇ ಕೂತಿದ್ದೆ. ತಮ್ಮ ಫೋನಿನಲ್ಲಿದ್ದ, ಅವನೂ ಏನೂ ಹೇಳಲಿಲ್ಲ. ಗೇಲ್‌ನನ್ನು ಎಬ್ಬಿಸಿದೆ. ಅವನು ಎದ್ದು ಬೆಂಕಿ ಹಾಕಿದ. ಮುಗಿಯುವಷ್ಟರಲ್ಲಿ ಒಂದೂ ಕಾಲು ಆಗಿತ್ತು, ನನ್ನ ತಾಸು ಯಾವಾಗಲೋ ದಾಟಿತ್ತು.

ಲೋಡ್ ಮಾಡಿದ್ದರೆ ಎರಡೇ ಮಾತಿನಲ್ಲಿ ಒಳಗೆ ಹೋಗಿರುತ್ತಿದ್ದೆ. ಅರಬೆಲ್ಲಾಳನ್ನು ಉಳಿಸಿದ್ದಕ್ಕೆ ಮಾತ್ರ ಈಗಲೂ ನನಗೆ ಪಶ್ಚಾತ್ತಾಪ ಇಲ್ಲ, ಇನ್ನೊಮ್ಮೆ ಆಡಿದರೂ ಹಾಗೇ ಮಾಡುತ್ತೇನೆ.

ಬೆಟಗೇರಿ ಅಣ್ಣಾ, ಇನ್ವರ್ಟರ್ ಹಿಂದೆ ಟಾರ್ಚ್ ಹಿಡಿದು ನೋಡಿದೆ. ಸ್ವಿಚ್ ನಾರ್ಮಲ್‌ನಲ್ಲೇ ಇತ್ತು. ಯುಪಿಎಸ್‌ಗೆ ತಿರುಗಿಸಿ, ಕಂಪ್ಯೂಟರ್ ಆನ್ ಇಟ್ಟು, ಮೇನ್ ಆಫ್ ಮಾಡಿ ನೋಡಿದೆ. ಪರದೆ ಮಿಣಕ್ ಅನ್ನಲಿಲ್ಲ. ಹಳೆಯ ಸೇವ್‌ನಲ್ಲಿ ಸೋಮವಾರದ ಆಟೋಸೇವ್ ಸಿಕ್ಕಿತು, ಅಲ್ಲಿಂದಲೇ ಮುಂದುವರಿಸಿದ್ದು. ನಿನ್ನೆಯದಕ್ಕೆ ಹೊಸ ಜಾಗದಲ್ಲಿ ‘ಬಾಗಿಲ ಜಗಳ’ ಅಂತ ಹೆಸರಿಟ್ಟು ಸೇವ್ ಮಾಡಿ ಮಲಗಿದೆ.